ಹಿಮ ಬಿದ್ದ ದಿನ ತೋಟದವರಿಗೆ ರಜೆ ಅಲ್ವಾ?

ವಾರ್ಜೆ ಅಕ್ಕ

ಪುಣೆಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಬೆರಳಿನ ತುದಿಗಳು ಇನ್ನೂ ಒಡೆದುಕೊಂಡೇ ಇವೆ. ಆಫೀಸಿನಲ್ಲಿ ಸಿಕ್ಕವರೆಲ್ಲ "ಹಿಮ ನೋಡಿ ಬಂದ್ಯಂತೆ, ಮಜಾ ಅಲ್ವಾ" ಅಂತಾರೆ. ಮಜಾ ಇತ್ತು, ಇಲ್ಲ ಅನ್ನಲ್ಲ. ಆದರೆ ಆ ಒಂದು ದಿನದ ಕೆಲಸ ನೋಡಿದ ಮೇಲೆ ಫೋಟೋ ತೋರಿಸೋಕೆ ಸ್ವಲ್ಪ ನಾಚಿಕೆ ಆಗುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮನ ಹೆಂಡತಿಯ ತವರು ಹಿಮಾಚಲದಲ್ಲಿ, ನಾರ್ಕಂಡಾ ದಾಟಿ ಕೋಟಗಢದ ಕಡೆ. ಇಬ್ಬರೂ ಓದಿದ್ದು ಇಲ್ಲೇ ಪುಣೆಯಲ್ಲಿ, ಮುಂದಿನ ಕಥೆ ನೀವೇ ಊಹಿಸಿಕೊಳ್ಳಿ. ಬೀಗರಿಗೆ 8 ಬಿಘಾ ಸೇಬಿನ ತೋಟ. ನಮ್ಮ ಲೆಕ್ಕದಲ್ಲಿ ಒಂದೂವರೆ ಎಕರೆಗೆ ಚೂರು ಜಾಸ್ತಿ. ಗಂಡ, ಹೆಂಡತಿ, ಒಬ್ಬ ಮಗ, ಎರಡು ಹಸು. ಕೂಲಿಗೆ ಜನ ಬರುವುದು ಹಣ್ಣು ಕೀಳುವಾಗ ಮಾತ್ರ.

ನಾವು ಹೋದ ಮೂರನೇ ರಾತ್ರಿ ಹಿಮ ಬಿತ್ತು. ಬೆಳಗ್ಗೆ ಐದೂವರೆಗೆ ಹೊರಗೆ ಕರ್ ಕರ್ ಅಂತ ಸದ್ದು. ಕಿಟಕಿ ಒರೆಸಿ ನೋಡಿದರೆ ಬೀಗಿತ್ತಿ ತಲೆಗೆ ಶಾಲು ಸುತ್ತಿಕೊಂಡು ಸಲಿಕೆಯಲ್ಲಿ ಮೆಟ್ಟಿಲು ಕೆರೆಯುತ್ತಿದ್ದರು. ಅದು ಹಳೇ ಮನೆ. ಒಂದು ಸಾಲು ದೇವದಾರು ತೊಲೆ, ಅದರ ಮೇಲೆ ಒಂದು ಸಾಲು ಕಲ್ಲು, ಮತ್ತೆ ತೊಲೆ, ಹಾಗೇ ಮೇಲಕ್ಕೆ. ಕಾಠ್‌ಕುಣಿ ಅಂತಾರೆ. ಕೆಳಗಿನ ಅಂತಸ್ತು ಹಸುಗಳಿಗೆ, ಮೇಲೆ ಮನೆಯವರಿಗೆ. ಹಸುವಿನ ಮೈಶಾಖ ಮೇಲಿನವರಿಗೂ ಸಿಗುತ್ತೆ. ಆದರೆ ಕೊಟ್ಟಿಗೆಗೆ ಇಳಿಯುವ ಮೆಟ್ಟಿಲು ಮಾತ್ರ ಹೊರಗೆ! ಅದನ್ನು ಬಿಡಿಸದೆ ಹಾಲೂ ಇಲ್ಲ, ಟೀನೂ ಇಲ್ಲ.

ಈಗ ನನ್ನ ಘನಕಾರ್ಯ ಕೇಳಿ. ಹಿಂದಿನ ರಾತ್ರಿ ಹಿತ್ತಲಿನ ನಲ್ಲಿ ಸಣ್ಣಗೆ ಸೋರುತ್ತಿತ್ತು. ಪುಣೆಯವಳು ನಾನು, ವಾರಕ್ಕೊಮ್ಮೆ ಗುರುವಾರ ನೀರು ಬಂದ್ ಅಂತ ಬಕೆಟ್ ತುಂಬಿಟ್ಟುಕೊಂಡು ಬದುಕಿದವಳು. ಸುಮ್ನೆ ನೀರು ಪೋಲಾಗ್ತಿದೆಯಲ್ಲ ಅಂತ ಗಟ್ಟಿಯಾಗಿ ತಿರುಗಿಸಿ ಮಲಗಿದೆ. ಅವರು ಬೇಕಂತಲೇ ಬಿಟ್ಟಿದ್ದರಂತೆ. ಹರಿಯುವ ನೀರು ಬೇಗ ಹೆಪ್ಪುಗಟ್ಟಲ್ಲ. ಬೆಳಗ್ಗೆ ಹೊತ್ತಿಗೆ ಪೈಪು ಮೊಣಕೈ ತಿರುವಿನಲ್ಲಿ ಸೀಳಿತ್ತು. ನೀರು ಮಂಜುಗಡ್ಡೆ ಆದರೆ ಶೇಕಡಾ 9ರಷ್ಟು ಹಿಗ್ಗುತ್ತೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅದಕ್ಕೆ ಹಿತ್ತಲಲ್ಲಿ ಪರೀಕ್ಷೆ ಇರುತ್ತೆ ಅಂತ ಗೊತ್ತಿರಲಿಲ್ಲ.

ಯಾರೂ ಬೈಯಲಿಲ್ಲ. ಅದೇ ಕಷ್ಟ. ಬೀಗಿತ್ತಿ ಒಂದು ದೊಡ್ಡ ಪಾತ್ರೆ ತಂದು ಕೈಗೆ ಕೊಟ್ಟು, "ತುಂಬಿಸಿ ತಾ" ಅಂದರು. ಹಿಮವನ್ನು ಅದುಮಿ ಅದುಮಿ ತುಂಬಿ ತಂದೂರಿನ ಮೇಲಿಟ್ಟೆ. ಅಲ್ಲಿ ತಂದೂರ್ ಅಂದರೆ ರೊಟ್ಟಿ ಸುಡುವುದಲ್ಲ, ಕೋಣೆಯ ನಡುವೆ ಇರುವ ಕಬ್ಬಿಣದ ಒಲೆ, ಹೊಗೆ ಹೋಗಲು ಮಾಡಿಗೆ ಕೊಳವೆ. ಪಾತ್ರೆ ತುಂಬ ಇದ್ದ ಹಿಮ ಇಳಿದು ಇಳಿದು ತಳಕ್ಕೆ ಬಂತು. ಎರಡು ತಂಬಿಗೆ ನೀರೂ ಆಗಲಿಲ್ಲ. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ. ಎರಡು ಹಸು ಕುಡಿಯುವಷ್ಟು ಆಗಬೇಕಾದರೆ ನಾನು ಹಾಗೆ ಎಷ್ಟು ಸಲ ಹೊರಗೆ ಹೋಗಿ ಬಂದಿರಬಹುದು, ಲೆಕ್ಕ ಹಾಕಿಕೊಳ್ಳಿ. ಬೆರಳು ಒಡೆದಿದ್ದು ಹಾಗೆ.

ಆಮೇಲೆ ತೋಟ. ಬೀಗರು ಉದ್ದ ಬಿದಿರು ಹಿಡಿದು ಮರದಿಂದ ಮರಕ್ಕೆ ಹೋಗಿ ಕೊಂಬೆಯ ಹಿಮ ಉದುರಿಸುತ್ತಿದ್ದರು. ಇಲ್ಲದಿದ್ದರೆ ಭಾರಕ್ಕೆ ಕವಲು ಸೀಳುತ್ತೆ. ನಾನೂ ಒಂದು ಕೋಲು ತಗೊಂಡು ಮೇಲಿಂದ ಬಡಿದೆ. ಅವರು ಓಡಿ ಬಂದು ಕೋಲು ಹಿಡಿದುಕೊಂಡರು. ಬಡಿಯಬಾರದಂತೆ, ಕೆಳಗಿನಿಂದ ಮೆಲ್ಲಗೆ ಎತ್ತಿ ಅಲುಗಿಸಬೇಕು. ಕೊಂಬೆಗೆ ಗಾಜಿನ ಹಾಗೆ ಅಂಟಿಕೊಂಡಿದ್ದರೆ ಮುಟ್ಟಲೇಬಾರದು. ನೆಲದಿಂದ ಒಂದು ಮೋಟು ಕಡ್ಡಿ ಎತ್ತಿ ತೋರಿಸಿದರು, ನನ್ನ ಹೆಬ್ಬೆರಳಷ್ಟು ಉದ್ದ, ತುದಿಯಲ್ಲಿ ಉಬ್ಬಿದ ಮೊಗ್ಗು, ಮೊಗ್ಗಿನ ಮೇಲೆ ಬೂದು ರೋಮ. "ಇದರಲ್ಲಿ ಐದಾರು ಹೂ ಇತ್ತು" ಅಂದರು. ಅಷ್ಟೇ.

ಇಷ್ಟೆಲ್ಲ ಪಾಡು ಪಟ್ಟರೂ ಆ ಮನೆಯಲ್ಲಿ ಅವತ್ತು ಹಬ್ಬದ ಕಳೆ. ಮಧ್ಯಾಹ್ನ ಸಿಡ್ಡು ಮಾಡಿದರು, ಗೋಧಿ ಹಿಟ್ಟು ಹುಳಿ ಬರಿಸಿ, ಒಳಗೆ ಅಕ್ರೋಟು ಗಸಗಸೆ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು. ಊರಿನವರ ಫೋನ್ ಮೇಲೆ ಫೋನ್, ನಿಮ್ಮಲ್ಲಿ ಎಷ್ಟು ಇಂಚು, ನಮ್ಮಲ್ಲಿ ಎಷ್ಟು ಇಂಚು. ಹಳೇ ರಾಯಲ್ ತಳಿಯ ಸೇಬಿನ ಮರಗಳಿಗೆ 7 ಡಿಗ್ರಿಗಿಂತ ಕೆಳಗೆ ಸಾವಿರಕ್ಕೂ ಜಾಸ್ತಿ ಗಂಟೆ ಚಳಿ ಬೇಕು. ಇಲ್ಲದಿದ್ದರೆ ಮಾರ್ಚ್ ಏಪ್ರಿಲ್‌ನಲ್ಲಿ ಹೂವು ಸರಿಯಾಗಿ ಒಡೆಯಲ್ಲ, ಒಂದು ಕೊಂಬೆ ಇವತ್ತು, ಇನ್ನೊಂದು ಹತ್ತು ದಿನಕ್ಕೆ. ಹಿಮ ಅವರಿಗೆ ಬಿಳಿ ಗೊಬ್ಬರ.

ನಮ್ಮ ಕಡೆ ತೋಟ ಇರುವವರು ಯಾರಾದರೂ ಇದ್ದೀರಾ? ಇಲ್ಲಿ ಚಳಿ ಬಂದರೆ ನೀವೇನು ಮಾಡ್ತೀರಿ?

---

ಡೊಂಬಿವಲಿ ಮಾಮಿ

ಪೈಪ್ ಒಡೆದಳಂತೆ ಮಹಾರಾಯ್ತಿ! ತಮ್ಮನ ಮರ್ಯಾದೆ ಏನಾಯ್ತು?

ನಮಗಿಲ್ಲಿ 18 ಡಿಗ್ರಿ ಅಂದರೆ ಟ್ರಂಕಿನಿಂದ ಸ್ವೆಟರ್ ಹೊರಗೆ. ಲೋಕಲ್‌ನಲ್ಲಿ ಮಂಕಿಕ್ಯಾಪ್ ನೋಡಬೇಕು ನೀನು. ಮುಂಬಯಿಯ ದಾಖಲೆ ಚಳಿ 7.4 ಡಿಗ್ರಿ, 1962ರ ಜನವರಿಯಲ್ಲಿ. ನಮ್ಮ ಅತ್ತೆ ಆಗ ಹೊಸದಾಗಿ ಮದುವೆಯಾಗಿ ಕುಂದಾಪುರದಿಂದ ಮಾಟುಂಗಕ್ಕೆ ಬಂದಿದ್ದರಂತೆ. ಒಂದೇ ಕಂಬಳಿ, ಮನೆಯಲ್ಲಿ ಒಂಬತ್ತು ಜನ. ಮುಂಬಯಿ ಅಂದರೆ ಹೀಗೇ ಇರುತ್ತೆ ಅಂದುಕೊಂಡರಂತೆ ಪಾಪ.

---

ನಾರಾಯಣಗಾಂವ್ ದ್ರಾಕ್ಷಿ

ಅಕ್ಕಾರ, ಚೆಂದ ಬರೆದೀರಿ. ಆದರೆ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬೀಗರ ಮನೆಯಲ್ಲಿ ತುಪ್ಪ ಸುರಿಯುವ ದಿನ ನನ್ನ ಮನೆಯಲ್ಲಿ ಯಾರೂ ಮಲಗಲ್ಲ.

ನಾನು ವಿಜಯಪುರದ ಕಡೆಯವ. ಇಲ್ಲಿ ಜುನ್ನರ ತಾಲೂಕಿನಲ್ಲಿ ಮೂರು ಎಕರೆ ದ್ರಾಕ್ಷಿ ಮಾಡ್ತೀನಿ, ಹದಿನಾಲ್ಕು ವರ್ಷ ಆಯ್ತು. ನಮ್ಮಲ್ಲಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು, ಅಕ್ಟೋಬರ್‌ದಾಗ. ಡಿಸೆಂಬರ್ ಜನವರಿ ಅಂದರೆ ಕಾಯಿ ಉಬ್ಬುವ ಹೊತ್ತು. ಆಗ ರಾತ್ರಿ 6, 7 ಡಿಗ್ರಿಗೆ ಇಳಿದರೆ ಬಳ್ಳಿ ಕೆಲಸ ನಿಲ್ಲಿಸಿಬಿಡುತ್ತೆ. ಬೇರು ನೀರು ಎಳೆಯಲ್ಲ, ಕಾಯಿ ಬೆಳೆಯಲ್ಲ. ರಾತ್ರಿ ಚಳಿ, ಮಧ್ಯಾಹ್ನ 30 ಡಿಗ್ರಿ ಬಿಸಿಲು, ಈ ಎಳೆದಾಟಕ್ಕೆ ಹಸಿರು ಕಾಯಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪಿಂಕ್ ಬೆರ್ರಿ ಅಂತಾರೆ. ತಿನ್ನೋಕೆ ಏನೂ ಕೆಟ್ಟಿರಲ್ಲ. ಆದರೆ ರಫ್ತಿನವ ಗೊಂಚಲು ಎತ್ತಿ ನೋಡಿ ಹಾಗೇ ಕೆಳಗಿಟ್ಟು ಗಾಡಿ ಹತ್ತುತ್ತಾನೆ.

ಅದಕ್ಕೆ ನಾವು ಏನು ಮಾಡ್ತೀವಿ ಅಂದರೆ ಗೊಂಚಲಿಗೆ ಕಾಗದ ಸುತ್ತುತ್ತೇವೆ. ಹೌದು, ಒಂದೊಂದಕ್ಕೂ. ಹಳೇ ಪೇಪರು, ಗೊಂಚಲಿನ ಸುತ್ತ ಸುರುಳಿ ಮಾಡಿ, ಮೇಲೆ ಪಿನ್ನು. ಹಂದರದ ಕೆಳಗೆ ನಿಂತರೆ ಸಾವಿರಾರು ಪೇಪರು ತೂಗಾಡ್ತಾವೆ. ನನ್ನ ಮಗಳು ಕ್ರಿಕೆಟ್ ಸುದ್ದಿ ಓದೋದು ಅಲ್ಲೇ, ಕತ್ತು ಮೇಲೆ ಮಾಡಿಕೊಂಡು.

ಬೆಳಗಿನ ಜಾವ ಮೂರೂವರೆಗೆ ಬದುವಿನ ಮೇಲೆ ಬೆಂಕಿ. ಉರಿ ಬೇಡ, ಹೊಗೆ ಬೇಕು, ಹಸಿ ಕಡ್ಡಿ ಒಣ ಕಡ್ಡಿ ಸೇರಿಸಿ. ಜೊತೆಗೆ ಡ್ರಿಪ್ ಬಿಡೋದು. ಬಾವಿ ನೀರು ಆ ಹೊತ್ತಿಗೆ ಗಾಳಿಗಿಂತ ಬೆಚ್ಚಗಿರುತ್ತೆ, ಬೇರಿನ ಸುತ್ತ ಮಣ್ಣು ಅಷ್ಟು ತಣ್ಣಗಾಗಲ್ಲ. ಕರೆಂಟ್ ಪಾಳಿ ರಾತ್ರಿ ಬಂದಿದ್ದರೆ ಪುಣ್ಯ.

ನಿಫಾಡ್ ಕಡೆಯವರ ಪಾಡು ಇನ್ನೂ ಜಾಸ್ತಿ. ನಾಶಿಕ್ ಜಿಲ್ಲೆ ಅದು, ಚಳಿ ಸುದ್ದಿ ಬಂದಾಗೆಲ್ಲ ಮೊದಲು ಆ ಹೆಸರೇ ಕೇಳೋದು.

---

ವಾರ್ಜೆ ಅಕ್ಕ

ಅಣ್ಣಾ, ಬೇಸರ ಯಾಕೆ? ಇದೇ ಬೇಕಿತ್ತು. ನಾನು ತಿನ್ನುವ ದ್ರಾಕ್ಷಿಗೆ ಯಾರೋ ಪೇಪರ್ ಸುತ್ತಿದ್ದಾರೆ ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ.

ಒಂದು ಅನುಮಾನ. ಹೊಗೆ ನಿಜವಾಗಿ ಕೆಲಸ ಮಾಡುತ್ತಾ, ಇಲ್ಲ ಮನಸ್ಸಿನ ಸಮಾಧಾನಕ್ಕಾ?

---

ಪಾಷಾಣ್ ಗುಡ್ಡ

ಇದಕ್ಕೆ ನಾನು ಉತ್ತರ ಕೊಡಬಹುದಾ? ಹವಾಮಾನ ನನ್ನ ಹುಚ್ಚು, ಹೊಟ್ಟೆಪಾಡು ಬೇರೆ.

ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತೆ. ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತೆ. ತಣ್ಣನೆ ಗಾಳಿ ಭಾರ, ಅದು ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತೆ. ಹಾಗಾಗಿ ಹತ್ತಿಪ್ಪತ್ತು ಅಡಿ ಮೇಲಿನ ಗಾಳಿ ನೆಲದ್ದಕ್ಕಿಂತ ಬೆಚ್ಚಗಿರುತ್ತೆ. ಅಲ್ಲಲ್ಲಿ ಸಣ್ಣ ಬೆಂಕಿ ಹಾಕಿದರೆ ಮೇಲಿನದು ಕೆಳಗಿನದು ಸ್ವಲ್ಪ ಕಲೆಯುತ್ತೆ, ಒಂದೆರಡು ಡಿಗ್ರಿ ಸಿಗಬಹುದು. ಅಂದರೆ ಕೆಲಸ ಮಾಡುವುದು ಹೆಚ್ಚಾಗಿ ಶಾಖ. ಹೊಗೆಯನ್ನು ನಾನು ಅಷ್ಟು ನಂಬಲ್ಲ. ಗಾಳಿ ಬೀಸಿದರೆ ಅದೂ ಹೋಯಿತು.

ಮಹಾಬಳೇಶ್ವರದಲ್ಲಿ "ಹಿಮ ಬಿತ್ತು" ಅಂತ ಪ್ರತಿ ವರ್ಷ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದೂ ಇದೇ. ವೆಣ್ಣಾ ಕೆರೆ ಬದಿಯ ತಗ್ಗಿನಲ್ಲಿ ತಣ್ಣನೆ ಗಾಳಿ ನಿಂತು, ಇಬ್ಬನಿ ಹೆಪ್ಪುಗಟ್ಟಿ, ಕಾರಿನ ಮೇಲೆ, ಸ್ಟ್ರಾಬೆರಿ ಎಲೆ ಮೇಲೆ ಬಿಳಿ ಪುಡಿ. ಆಕಾಶದಿಂದ ಏನೂ ಬೀಳಲ್ಲ. ಆಗ ಪೇಪರಿನಲ್ಲಿ ಕನಿಷ್ಠ ಉಷ್ಣಾಂಶ 4, 5 ಡಿಗ್ರಿ ಅಂತ ಇರುತ್ತೆ, ಜನ ಸುಳ್ಳು ಅಂತಾರೆ. ಸುಳ್ಳಲ್ಲ. ಥರ್ಮಾಮೀಟರ್ ಇರುವುದು ನೆಲದಿಂದ ನಾಲ್ಕಡಿ ಎತ್ತರದ ಬಿಳಿ ಪೆಟ್ಟಿಗೆಯಲ್ಲಿ. ಹುಲ್ಲಿನ ಮಟ್ಟದಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇರಬಹುದು.

ಇನ್ನೊಂದು. ವಾರ್ಜೆ ಅಕ್ಕನ ಹಿಮಕ್ಕೂ ದ್ರಾಕ್ಷಿ ಅಣ್ಣನ ನಿದ್ದೆಗೇಡಿಗೂ ನಂಟಿದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಹವೆಯ ಅಲೆ ಹಿಮಾಲಯಕ್ಕೆ ಬಡಿದಾಗ ಅಲ್ಲಿ ಹಿಮ. ಅದು ಮುಂದೆ ಸರಿದ ಮೇಲೆ ಆಕಾಶ ತಿಳಿಯಾಗಿ ಉತ್ತರದ ಒಣ ಗಾಳಿ ಕೆಳಗಿಳಿಯುತ್ತೆ. ಒಂದೆರಡು ದಿನ ಬಿಟ್ಟು ಎಷ್ಟೋ ಸಲ ಇಲ್ಲಿ ಪಾದರಸ ಇಳಿಯುತ್ತೆ. ಒಂದೇ ಗಾಳಿ. ಅಲ್ಲಿ ಸಿಡ್ಡು, ಇಲ್ಲಿ ಜಾಗರಣೆ.

ಶಿವಾಜಿನಗರದ "ಸಿಮ್ಲಾ ಆಫೀಸ್" ಬಸ್ ಸ್ಟಾಪ್ ಗೊತ್ತಲ್ಲ? ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಒಂದು ಕಾಲಕ್ಕೆ ಶಿಮ್ಲಾದಲ್ಲಿತ್ತು, 1928ರಲ್ಲಿ ಪುಣೆಗೆ ಬಂತು. ಆಮೇಲೆ 1944ರಲ್ಲಿ ದೆಹಲಿಗೂ ಹೋಯಿತು. ಹೆಸರು ಮಾತ್ರ ಇಲ್ಲೇ ಉಳಿಯಿತು. ರಿಕ್ಷಾದವರು ಇವತ್ತಿಗೂ ಸಿಮ್ಲಾ ಆಫೀಸ್ ಅಂತಲೇ ಕರೆದೊಯ್ಯುತ್ತಾರೆ.

---

ಹಡಪ್ಸರ್ ಬಾಲ್ಕನಿ

ಕ್ಷಮಿಸಿ, ಮಧ್ಯದಲ್ಲಿ ಬಾಯಿ ಹಾಕ್ತಿದ್ದೇನೆ. ಸೇಬಿಗೆ ಸಾವಿರ ಗಂಟೆ ಚಳಿ ಬೇಕು ಅಂದರೆ ನರ್ಸರಿಯವ ನನಗೆ 350 ರೂಪಾಯಿಗೆ ಮಾರಿದ ಸೇಬಿನ ಗಿಡದ ಗತಿ ಏನು? ಎರಡು ವರ್ಷದಿಂದ ಬರೀ ಎಲೆ.

---

ವಾರ್ಜೆ ಅಕ್ಕ

ನಾನು ಬೀಗರಿಗೆ ಇದೇ ಕೇಳಿ ನಗಿಸಿದ್ದೆ. ಚಳಿ ಕಡಿಮೆ ಬೇಕಾದ ತಳಿಗಳೂ ಇವೆ, ಅನ್ನಾ, ಡಾರ್ಸೆಟ್ ಗೋಲ್ಡನ್, ಆಮೇಲೆ ಎಚ್‌ಆರ್‌ಎಂಎನ್-99. ಕೊನೆಯದನ್ನು ಬೆಳೆಸಿದ್ದು ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ, ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅದು ಬಯಲು ಸೀಮೆಯಲ್ಲೂ ಕಾಯಿ ಬಿಡುತ್ತೆ. ನಿಮ್ಮ ಗಿಡ ಅದೇನಾ ಅಂತ ಚೀಟಿ ನೋಡಿ. ಚೀಟಿಯಲ್ಲಿ ಬರೀ "ಕಾಶ್ಮೀರಿ ಆ್ಯಪಲ್" ಅಂತಿದ್ದರೆ ಎಲೆ ನೋಡಿಕೊಂಡು ಖುಷಿಯಾಗಿರಿ.

---

ಹಡಪ್ಸರ್ ಬಾಲ್ಕನಿ

ಚೀಟಿಯಲ್ಲಿ "ಆ್ಯಪಲ್ ಬೋರ್" ಅಂತಿದೆ.

---

ಡೊಂಬಿವಲಿ ಮಾಮಿ

ಅದು ಬೋರೆಹಣ್ಣು ಮಗೂ.

---

ಪಿಂಪ್ರಿ ಅಜ್ಜ

ನಗೋದು ಮುಗಿದಿದ್ದರೆ ನಂದೊಂದು.

ನಾವು ಕಲಬುರಗಿ ಕಡೆಯವರು. ಬಜಾಜ್ ಫ್ಯಾಕ್ಟರಿಗೆ ಸೇರಿಕೊಂಡು 1974ರಲ್ಲಿ ಇಲ್ಲಿಗೆ ಬಂದೆ, ಆಮೇಲೆ ಇಲ್ಲೇ ಉಳಿದೆ. ಊರಲ್ಲಿ ಏಳು ಎಕರೆ ಕರಿಮಣ್ಣು ಇದೆ, ತಮ್ಮ ನೋಡಿಕೊಳ್ಳುತ್ತಾನೆ. ನೀವು ಚಳಿ ಒಬ್ಬರಿಗೆ ಅನ್ನ, ಒಬ್ಬರಿಗೆ ಕುತ್ತು ಅಂತ ಮಾತಾಡ್ತಿದ್ದೀರಿ. ನಮ್ಮ ಬಿಳಿಜೋಳ, ಕಡಲೆಗೆ ಚಳಿಯೇ ಅನ್ನ. ಹಿಂಗಾರಿ ಬೆಳೆಗೆ ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರಿಮಣ್ಣು ಹಿಡಿದಿಟ್ಟ ತೇವ, ಮೇಲಿಂದ ಮಾಗಿಯ ತಂಪು, ಇವೆರಡರ ಮೇಲೆ ತೆನೆ ಬರಬೇಕು.

ಚಿಕ್ಕವನಿದ್ದಾಗ ಅವ್ವನ ಜೊತೆ ನಸುಕಿನಲ್ಲಿ ಕಡಲೆ ಹೊಲಕ್ಕೆ ಹೋಗುತ್ತಿದ್ದೆ. ಕಡಲೆ ಗಿಡದ ಎಲೆ ಮೈಮೇಲೆ ಸಣ್ಣ ರೋಮ, ಅದರಿಂದ ಹುಳಿ ಒಸರುತ್ತೆ. ರಾತ್ರಿ ಇಬ್ಬನಿ ಬಿದ್ದು ಹುಳಿ ಅದರಲ್ಲಿ ಕರಗಿರುತ್ತೆ. ಅವ್ವ ತೊಳೆದ ಬಿಳಿ ಪಂಚೆಯನ್ನು ಗಿಡದ ಮೇಲೆ ಹಾಸಿ ಎಳೆಯುತ್ತಿದ್ದಳು, ಈ ತುದಿ ಅವಳು, ಆ ತುದಿ ನಾನು. ಪಂಚೆ ತೊಯ್ದ ಮೇಲೆ ಕೊಡಕ್ಕೆ ಹಿಂಡೋದು. ನನ್ನ ಮೊಣಕಾಲಿನ ಕೆಳಗೆ ಹುಳಿ ತಾಗಿ ಚುರುಚುರು ಅನ್ನುತ್ತಿತ್ತು. ಹೊಟ್ಟೆನೋವಿಗೆ ಅದೇ ಮದ್ದು, ಬಾಟಲಿಯಲ್ಲಿ ವರ್ಷವಿಡೀ ಇರುತ್ತಿತ್ತು. ಬಿಸಿಲು ಬಂದರೆ ಮುಗಿಯಿತು, ಆರಿ ಹೋಗುತ್ತೆ. ಹಾಗಾಗಿ ಎಷ್ಟು ಚಳಿ ಇದ್ದರೂ ಐದು ಗಂಟೆಗೇ ಏಳಬೇಕು. ಚಳಿ ಇಲ್ಲದ ದಿನ ಪಂಚೆ ಒಣಗಿಯೇ ಬರುತ್ತಿತ್ತು.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋದು, ಅಂದರೆ ಮಾಡಿದ ಅಡುಗೆಯನ್ನು ಹೊಲಕ್ಕೆ ಎಡೆ ಕೊಡೋದು, ಸಜ್ಜಿ ಕಡಬು, ಭಜ್ಜಿ. ಆ ದಿನವಾದರೂ ರಜೆ ಅನ್ನಬಹುದೇನೋ. ಎತ್ತಿಗೆ ರಜೆ ಇತ್ತು, ಹೆಂಗಸರಿಗೆ ಇರಲಿಲ್ಲ. ಇಡೀ ರಾತ್ರಿ ಅಡುಗೆ.

ಈಗ ಪುಣೆಯವರು ಡಿಸೆಂಬರ್ ಬಂತೆಂದರೆ ಹುರಡಾ ಪಾರ್ಟಿ ಅಂತ ಕಾರಿನಲ್ಲಿ ಹೋಗ್ತಾರೆ. ನಮ್ಮ ಸೀತನಿಯೇ ಅದು, ಹಸಿ ಜೋಳದ ತೆನೆ ಸುಟ್ಟು ತಿನ್ನೋದು. ಕಳೆದ ವರ್ಷ ಮೊಮ್ಮಕ್ಕಳು ಕರಕೊಂಡು ಹೋಗಿದ್ದರು. ತಲೆಗೆ 600 ರೂಪಾಯಿ ಕೊಟ್ಟು ಹಸಿ ಜೋಳ ತಿಂದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

---

ಮಡಗಾಂವ್ ಮಾವಿನತೋಪು

ಗೋವಾದಿಂದ ಒಂದು ಸಾಲು. ನಮ್ಮ ಮಾನಕುರಾದ್ ಮಾವಿಗೂ ಹೂ ಬಿಡಲು ತಂಪು ರಾತ್ರಿ ಬೇಕು. ಆದರೆ ಹೂ ಬಿಟ್ಟ ಮೇಲೆ ಬೆಳಗ್ಗೆ ದಟ್ಟ ಮಂಜು ಕವಿದರೆ ಬೂದಿ ರೋಗ, ಜಿಗಿಹುಳ, ಹೂವೆಲ್ಲ ಕಪ್ಪಾಗಿ ಉದುರುತ್ತೆ. ಅಜ್ಜನ ಕಾಲದ ಎಂಟು ಮರ ಇವೆ, ಡಿಸೆಂಬರ್‌ನಿಂದ ಕತ್ತು ಮೇಲೆ ಮಾಡಿಕೊಂಡೇ ಓಡಾಟ.

ಅಂದಹಾಗೆ ನಾವು ಮಂಜು ಅಂತ ಎಷ್ಟಕ್ಕೆ ಹೇಳ್ತೀವಿ ನೋಡಿ. ರಸ್ತೆ ಕಾಣದಿದ್ದರೂ ಮಂಜು, ಹುಲ್ಲಿನ ಮೇಲೆ ಹನಿ ಇದ್ದರೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಪಾಷಾಣ್ ಅವರ ಬಿಳಿ ಪುಡಿಗೆ ಬೇರೆ ಹೆಸರು ಇದೆಯಾ?

---

ಪಿಂಪ್ರಿ ಅಜ್ಜ

ಬೀಳದೇ ಇರೋದಕ್ಕೆ ಹೆಸರು ಯಾಕೆ ಇಡ್ತಾರೆ? ಇಬ್ಬನಿ ಬೀಳ್ತಿತ್ತು, ಅದಕ್ಕೆ ಹೆಸರಿದೆ.

---

ನಾರಾಯಣಗಾಂವ್ ದ್ರಾಕ್ಷಿ

ಅಜ್ಜಾರ, ನಮ್ಮವ್ವನೂ ಪಂಚೆ ಎಳೆಯುತ್ತಿದ್ದಳು. ಆ ಬಾಟಲಿ ವಾಸನೆ ಈಗ ಮೂಗಿಗೆ ಬಂತು.

ವಾರ್ಜೆ ಅಕ್ಕಾರ, ನಿಮ್ಮ ಬೀಗರಿಗೆ ಹಿಮದಿಂದ ಹಾನಿಯೇ ಇಲ್ಲವಾ? ಬರೀ ಲಾಭ ಅಂದರೆ ನಂಬೋಕೆ ಆಗ್ತಿಲ್ಲ.

---

ವಾರ್ಜೆ ಅಕ್ಕ

ಇದೆ ಅಣ್ಣಾ. ನಿನ್ನೆ ಫೋನಿನಲ್ಲಿ ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ಜನವರಿಯ ಹಿಮ ನೆಂಟ, ಏಪ್ರಿಲ್‌ನದು ಕಳ್ಳ ಅಂದರು. ಹೂ ಅರಳಿದಾಗ ಬಿದ್ದರೆ ಆ ವರ್ಷದ ಲೆಕ್ಕ ಅಲ್ಲಿಗೇ ಮುಚ್ಚಿತು. ಆಲಿಕಲ್ಲು ತಡೆಯೋ ಬಲೆ ಇರುತ್ತಲ್ಲ, ಅದನ್ನು ಹಣ್ಣು ಕಿತ್ತ ಮೇಲೆ ಬಿಚ್ಚಿಡಬೇಕು. ಪಕ್ಕದ ತೋಟದವರು ಈ ಸಲ ಬಿಚ್ಚಿರಲಿಲ್ಲ. ಹಿಮ ಬಲೆಯ ಮೇಲೆ ಕೂತು, ಕಂಬಗಳು ಮರಗಳ ಮೇಲೇ ಮಲಗಿದ್ದನ್ನು ನಾನೇ ನೋಡಿದೆ. ಹಿಮದ ಅಡಿ ನೆಲ ಬೆಚ್ಚಗೆ ಇರುತ್ತೆ ಅಂತ ಇಲಿಗಳಿಗೂ ಗೊತ್ತು, ಅವು ಅಡಿಯಲ್ಲೇ ಸುರಂಗ ಮಾಡಿ ಬುಡದ ತೊಗಟೆ ಕೆರೆಯುತ್ತವೆ. ಸುತ್ತಲೂ ತಿಂದರೆ ಮರ ಸತ್ತಂತೆ. ಅದಕ್ಕೆ ಎಳೆ ಗಿಡಗಳ ಬುಡದಲ್ಲಿ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾರೆ. ಮಧ್ಯಾಹ್ನವೆಲ್ಲ ನಾನು ಮಾಡಿದ್ದು ಅದೇ ಕೆಲಸ, ಗಿಡದ ಸುತ್ತ ಕುಣಿಯೋದು. ಏನೂ ಮುರಿಯದೆ ಮಾಡಿದ ಒಂದೇ ಕೆಲಸ.

ಅವರಿಗೆ ನಿಜವಾದ ಹೆದರಿಕೆ ಹಿಮ ಬರದ ವರ್ಷದ್ದು. ಅಲ್ಲಿ ಸೇಬು ಶುರುವಾಗಿ ನೂರು ವರ್ಷದ ಮೇಲಾಯಿತು. ಸ್ಟೋಕ್ಸ್ ಅನ್ನುವ ಅಮೆರಿಕದವರು 1916ರಲ್ಲಿ ಗಿಡ ತಂದು ನೆಟ್ಟದ್ದು ಆ ಕೋಟಗಢದಲ್ಲೇ, ಆಮೇಲೆ ಅವರು ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡು ಅಲ್ಲಿಯವರೇ ಆದರು. ಆ ಸುತ್ತಿನ ಕೆಳಗಿನ ತೋಟಗಳಲ್ಲಿ ಈಗ ಚಳಿ ಸಾಲುತ್ತಿಲ್ಲವಂತೆ. ಬೀಗರೂ ಒಂದು ಮೂಲೆಯಲ್ಲಿ ಹಳೇ ಮರ ಕಡಿದು ಕಡಿಮೆ ಚಳಿಯ ತಳಿ ಹಾಕಿದ್ದಾರೆ. ಕಡಿದ ಮರದ ಸೌದೆಯೇ ಅವತ್ತು ತಂದೂರಿಗೆ ಹಾಕಿದ್ದು. ನಾನು ವಾಸನೆ ಚೆನ್ನಾಗಿದೆ ಅಂದೆ. ಬೀಗಿತ್ತಿ ಏನೂ ಹೇಳಲಿಲ್ಲ, ಇನ್ನೊಂದು ತುಂಡು ಒಳಗೆ ತಳ್ಳಿದರು.

---

ವಾರ್ಜೆ ಅಕ್ಕ (ಆರು ದಿನದ ನಂತರ)

ಈಗ ತಮ್ಮನ ಫೋನ್. ಮತ್ತೆ ಹಿಮ, ಒಂದು ಅಡಿ. ನಾರ್ಕಂಡಾದಲ್ಲಿ ರಸ್ತೆ ಬಂದ್. ಹೊಸ ಪೈಪು ಸರಿಯಾಗಿದೆಯಂತೆ, ನಲ್ಲಿಗೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿ ನನಗೆ ಫೋಟೋ ಕಳಿಸಿದ್ದಾನೆ, ಕನ್ನಡದಲ್ಲಿ.

ದ್ರಾಕ್ಷಿ ಅಣ್ಣಾ, ಪಾಷಾಣ್ ಅವರ ಲೆಕ್ಕ ನಿಜವಾದರೆ ನಾಳೆ ನಾಡಿದ್ದು ನಿಮ್ಮ ಸರದಿ. ಸೌದೆ ಇದೆಯಾ?

---

ಪಾಷಾಣ್ ಗುಡ್ಡ

ನಾಡಿದ್ದು ಬೆಳಗ್ಗೆ ಅಂತ ನನ್ನ ಅಂದಾಜು. ಗಾಳಿ ನಿಂತರೆ ಇನ್ನೂ ಇಳಿಯುತ್ತೆ.

---

ನಾರಾಯಣಗಾಂವ್ ದ್ರಾಕ್ಷಿ (ಎರಡು ದಿನದ ನಂತರ)

ಬೆಳಗ್ಗೆ ನಾಲ್ಕಕ್ಕೆ 7 ಇತ್ತು, ಆರಕ್ಕೆ 6. ನಾಲ್ಕು ಕಡೆ ಬೆಂಕಿ ಹಾಕಿದ್ದೆ. ಗಾಳಿ ಬೀಸಲಿಲ್ಲ, ಹೊಗೆ ತೋಟದಲ್ಲೇ ಕೂತಿತ್ತು. ಪಾಷಾಣ್ ಸಾಹೇಬರೇ, ನೀವು ನಂಬದಿದ್ದರೂ ನಾನು ಹೊಗೆ ಬಿಡಲ್ಲ. ಪೂರ್ವದ ಕಡೆ ಎರಡು ಸಾಲಿಗೆ ಪೇಪರ್ ಸುತ್ತೋದು ಬಾಕಿ ಉಳಿದಿದೆ, ಹೆಂಡತಿ ಮಗಳು ಈಗ ಅಲ್ಲೇ ಇದ್ದಾರೆ. ಪೇಪರು ಸಾಲುತ್ತಿಲ್ಲ.

---

ಹಡಪ್ಸರ್ ಬಾಲ್ಕನಿ

ನಮ್ಮ ಸೊಸೈಟಿಯಲ್ಲಿ ಮೂರು ತಿಂಗಳ ಪೇಪರ್ ಕಟ್ಟಿಟ್ಟಿದ್ದಾರೆ, ರದ್ದಿಯವ ಬಂದಿಲ್ಲ. ಕೆಲವು ಕನ್ನಡದವೂ ಇವೆ. ಶನಿವಾರ ತಂದುಕೊಡಲಾ?

---

ನಾರಾಯಣಗಾಂವ್ ದ್ರಾಕ್ಷಿ

ಶುಕ್ರವಾರ ಆದರೆ ಇನ್ನೂ ಒಳ್ಳೇದು. ಮಗಳಿಗೆ ಕ್ರಿಕೆಟ್ ಪುಟ ಹೊರಗೆ ಬರುವ ಹಾಗೆ ಸುತ್ತಬೇಕಂತೆ, ಅದನ್ನು ನೀವೇ ಬಂದು ಅವಳಿಗೆ ತಿಳಿಸಿ ಹೇಳಿ, ನನ್ನ ಮಾತು ಕೇಳ್ತಿಲ್ಲ.